ಹಳೆಯ ಗಂಟು, ಹೊಸ ಟಾರ್

ಒಬ್ಬರು ಕಟ್ಟಿಟ್ಟ ಗಂಟನ್ನು ಇನ್ನೊಬ್ಬರು ಬಿಚ್ಚುವಾಗ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಮದುವೆ ಮನೆಯ ದಿನಸಿಯ ಗಂಟಾದರೂ ಅಷ್ಟೆ, ಕಂಪ್ಯೂಟರಿನ ಗಂಟಾದರೂ ಅಷ್ಟೆ. ನನ್ನ ಹಣೆಯಲ್ಲಿ ಬರೆದದ್ದು ಎರಡನೆಯದು.

ನಾನು ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದವನು. ಆಮೇಲೆ ಮುಂಬಯಿಗೆ ಬಂದು, ಹಗಲು ಹೋಟೆಲಿನ ಕೌಂಟರು, ಸಂಜೆ ರಾತ್ರಿಶಾಲೆ ಎಂದು ಕೆಲವು ವರ್ಷ ಕಳೆದು, ಕೊನೆಗೆ ಮಹಾಪೆಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಆಪರೇಟರ್ ಆದೆ. ಮನೆ ಡೊಂಬಿವ್ಲಿಯಲ್ಲಿ. ಕಂಪನಿಯದು ಬಾಯ್ಲರಿಗೆ ಕೂರಿಸುವ ವಾಲ್ವುಗಳ ನಕ್ಷೆ ತಯಾರಿಸುವ ಕೆಲಸ. ನನ್ನದು ಆ ನಕ್ಷೆಗಳನ್ನು ಗಂಟು ಕಟ್ಟಿ ಇಡುವ, ಕೇಳಿದಾಗ ಬಿಚ್ಚಿ ಕೊಡುವ ಕೆಲಸ. ಗಂಟು ಕಟ್ಟುವ ಪ್ರೋಗ್ರಾಮಿನ ಹೆಸರು ಟಾರ್. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದರೆ ಸಾವಿರ ಫೈಲುಗಳನ್ನು ಒಂದೇ ಫೈಲಾಗಿ ಕಟ್ಟಿಬಿಡುತ್ತದೆ. ಇನ್ನೊಂದು ಸಾಲು ಟೈಪು ಮಾಡಿದರೆ ಬಿಚ್ಚುತ್ತದೆ.

ನಮ್ಮ ವಿಭಾಗ ನಿಂತಿದ್ದದ್ದು ಒಬ್ಬನೇ ಹೊರದೇಶದ ಗ್ರಾಹಕನ ಮೇಲೆ. ಅವರ ಕರಾರಿನಲ್ಲಿ ಒಂದು ಮಾತಿತ್ತು: ಗಂಟಿನಲ್ಲಿರುವ ಯಾವುದನ್ನೇ ಕೇಳಲಿ, ಎಷ್ಟು ಹಳೆಯದೇ ಇರಲಿ, ಆ ದಿನ ಸಂಜೆಯೊಳಗೆ ಮೇಜಿನ ಮೇಲೆ ಬರಬೇಕು. ಬಾರದಿದ್ದರೆ ಕರಾರು ಮುಗಿಯಿತು. ಕರಾರು ಮುಗಿದರೆ ವಿಭಾಗದ ಬಾಗಿಲು ಹಾಕುತ್ತಾರೆ. ಹಾಕಿದ ಬಾಗಿಲಿನ ಹೊರಗೆ ಮೊದಲು ನಿಲ್ಲುವವನು ನಾನು.

ಹಾಗಾಗಿ ನಾನು ಟಾರಿನ ಸಾಲುಗಳನ್ನು ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲಿ ಬರೆದು, ಮೊದಲ ಪುಟಕ್ಕೆ ಅರಶಿನ ಕುಂಕುಮ ಹಚ್ಚಿ ಇಟ್ಟುಕೊಂಡಿದ್ದೆ. ಸಂಧ್ಯಾವಂದನೆಯ ಮಂತ್ರದಲ್ಲಿ ನಮ್ಮ ಅಜ್ಜನ ಕಾಲದಿಂದ ಒಂದಕ್ಷರ ಬದಲಾಗಿಲ್ಲ. ಟಾರೂ ಹಾಗೆಯೇ ಎಂದು ನಂಬಿದ್ದೆ. ಟಾರಿಗೆ ವರ್ಷನ್ ಎಂಬುದೊಂದು ಉಂಟು, ಅದು ಆಗಾಗ ಬುದ್ಧಿ ಬದಲಾಯಿಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

೧. ಟಿಟ್ವಾಳದ ಹಾದಿ

ಎರಡು ಸಾವಿರದ ಎರಡೋ ಮೂರೋ ಇಸವಿ. ಆಫೀಸಿನ ಹಳೆಯ ದೊಡ್ಡ ಮಷಿನನ್ನು ತೆಗೆದುಹಾಕಿ ಹೊಸದು ತಂದರು. ಹೊಸದರಲ್ಲೂ ಟಾರ್ ಇತ್ತು. ಹೆಸರು ಅದೇ, ನನ್ನ ಪುಸ್ತಕದ ಸಾಲೂ ಅದೇ. ತಿಂಗಳು ತುಂಬುವ ಮೊದಲೇ ಗ್ರಾಹಕರ ಫೋನು ಬಂತು. ಐದು ವರ್ಷ ಹಿಂದಿನ ಒಂದು ವಾಲ್ವಿನ ನಕ್ಷೆ ಬೇಕಂತೆ, ಸಂಜೆಯೊಳಗೆ.

ಹಳೆಯ ಗಂಟನ್ನು ತಂದು, ದೇವರನ್ನು ನೆನೆದು, ಬಿಚ್ಚುವ ಸಾಲು ಟೈಪು ಮಾಡಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಮಾತು ಮೂಡಿತು: ಹೆಸರುಗಳ ಮುಂದಿನ ಓರೆಗೆರೆಯನ್ನು ತೆಗೆಯುತ್ತಿದ್ದೇನೆ ಎಂದು. ತೆಗೆದರೆ ತೆಗೆಯಲಿ, ಒಂದು ಗೆರೆಯಲ್ಲಿ ಎಂಥದುಂಟು ಎಂದುಕೊಂಡೆ. ನಕ್ಷೆಗಳು ಯಾವಾಗಲೂ ಇರುವ ಫೋಲ್ಡರಿಗೆ ಹೋಗಿ ನೋಡಿದೆ.

ಖಾಲಿ.

ಇನ್ನೊಮ್ಮೆ ಬಿಚ್ಚಿದೆ. ಖಾಲಿ. ಮೂರನೆಯ ಸಲ ಬಿಚ್ಚಿದೆ. ಒಂದು ನಕ್ಷೆಯೂ ಇಲ್ಲ. ಗಂಟು ಕಟ್ಟಿದವನು ನಾನೇ, ಬೀಗದ ಕೈ ನನ್ನ ಹತ್ತಿರವೇ, ಒಳಗೆ ಮಾತ್ರ ಏನೂ ಇಲ್ಲ ಎಂದರೆ ಯಾರು ನಂಬುತ್ತಾರೆ? ಕುಳಿತಲ್ಲೇ ಕಣ್ಣು ಮುಚ್ಚಿ, “ಗಣಪತೀ, ನಕ್ಷೆ ಸಿಗಲಿ, ಡೊಂಬಿವ್ಲಿಯಿಂದ ಟಿಟ್ವಾಳದ ನಿನ್ನ ಗುಡಿಗೆ ನಡೆದು ಬರುತ್ತೇನೆ” ಎಂದು ಹೇಳಿಕೊಂಡೆ.

ಕಣ್ಣು ತೆರೆಯುವಾಗ ನಮ್ಮ ಸಾಹೇಬರು ಹಿಂದೆ ನಿಂತಿದ್ದರು. ಠಾಣೆಯ ಮರಾಠಿಯವರು, ವಿಭಾಗದ ಮುಖ್ಯಸ್ಥರು, ನನ್ನನ್ನು ಎಲ್ಲರ ಹಾಗೆ ಅಣ್ಣಾ ಎಂದೇ ಕರೆಯುವವರು. “ಅಣ್ಣಾ, ನಿಮ್ಮ ಸ್ವಂತ ಫೋಲ್ಡರಿನಲ್ಲಿ ಇಷ್ಟೊಂದು ನಕ್ಷೆ ಏಕೆ ರಾಶಿ ಹಾಕಿದ್ದೀರಿ?” ಎಂದರು.

ನೋಡಿದರೆ ಹೌದು! ಹಳೆಯ ಟಾರ್ ಊರಿನ ಎಮ್ಮೆಯ ಹಾಗೆ. ಎಲ್ಲಿ ಹಗ್ಗ ಬಿಚ್ಚಿದರೂ ತನ್ನ ಕೊಟ್ಟಿಗೆಗೇ ಹೋಗಿ ನಿಲ್ಲುತ್ತಿತ್ತು. ಹೊಸದು, ವಿಳಾಸ ಶುರುವಾಗುವ ಆ ಒಂದು ಗೆರೆಯನ್ನೇ ತೆಗೆದ ಕಾರಣ ದಾರಿ ಮರೆತು, ಬಿಚ್ಚಿದಲ್ಲೇ, ನನ್ನ ಕಾಲ ಬುಡದಲ್ಲೇ ಮಲಗಿತ್ತು. ಮೂರು ಸಲ ಬಿಚ್ಚಿದ್ದೆನಲ್ಲ, ಮೂರು ಸಲವೂ ಅಲ್ಲೇ ಮಲಗಿತ್ತು.

ಸಂಜೆ ಹೆಂಡತಿಗೆ ಹೇಳಿದೆ: “ನಕ್ಷೆ ಕಳೆದೇ ಇರಲಿಲ್ಲ ಮಾರಾಯ್ತಿ. ಹಾಗಾಗಿ ಹರಕೆಯೂ ಲೆಕ್ಕಕ್ಕಿಲ್ಲ ಅಂತ ಕಾಣುತ್ತದೆ.”

ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಹೊಸ ವರ್ಷನ್ ಬಂದದ್ದು ಟಾರಿಗೆ. ಗಣಪತಿಗೆ ಬಂದಿಲ್ಲ. ಭಾನುವಾರ ಬೇಗ ಎದ್ದು ನಡೆಯಿರಿ.”

೨. ಗುರುವಾರ-ಹತ್ತು ಯಾರು?

ನಾನು ರಾಹುಕಾಲದಲ್ಲಿ ಗಂಟು ಕಟ್ಟುವುದಿಲ್ಲ. ಇದನ್ನು ಆಫೀಸಿನಲ್ಲಿ ಹೇಳಿಕೊಂಡವನಲ್ಲ. ಆದರೆ ಮುಂದೆ ಯಾವತ್ತಾದರೂ ಗಂಟು ಕೆಟ್ಟರೆ ಅದು ಮುಹೂರ್ತದ ತಪ್ಪಲ್ಲ ಎಂದು ನನಗಾದರೂ ಗೊತ್ತಿರಬೇಕಲ್ಲ? ಹಾಗಾಗಿ ಗಂಟಿನ ಹೆಸರಿನಲ್ಲೇ ಕಟ್ಟಿದ ವಾರ, ಗಂಟೆ, ನಿಮಿಷ ಸೇರಿಸುತ್ತಿದ್ದೆ. ಗಂಟೆ ನಿಮಿಷದ ನಡುವೆ ಎಲ್ಲರೂ ಹಾಕುವಂತೆ ಎರಡು ಚುಕ್ಕೆ. ಹಳೆಯ ಮಷಿನಿನಲ್ಲಿ ವರ್ಷಗಟ್ಟಲೆ ಹೀಗೆಯೇ ನಡೆದಿತ್ತು.

ಹೊಸ ಮಷಿನಿನಲ್ಲಿ ಮೊದಲ ಸಲ ಗಂಟು ಕಟ್ಟಿದ್ದು ಒಂದು ಗುರುವಾರ. ಬೆಳಿಗ್ಗೆ 10:45ಕ್ಕೆ ಕಟ್ಟಲು ಕುಳಿತೆ. ಟಾರ್ ಒಂದು ನಿಮಿಷ ಸುಮ್ಮನಿತ್ತು. ಆಮೇಲೆ “ಗುರುವಾರ್-10 ಎಂಬಲ್ಲಿಗೆ ಸಂಪರ್ಕ ಸಿಗುತ್ತಿಲ್ಲ” ಎಂದಿತು. ಸಿಗದಿದ್ದರೆ ಇನ್ನೊಮ್ಮೆ ನೋಡೋಣ ಎಂದು ಇನ್ನೊಮ್ಮೆ ಒತ್ತಿದೆ. ಹೀಗೆ ಏಳೆಂಟು ಸಲ ಒತ್ತಿರಬೇಕು.

ಅಷ್ಟರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು ಓಡಿಬಂದರು. ಠಾಕುರ್ಲಿಯವರು, ಯಾವಾಗಲೂ ಮೆಲ್ಲಗೆ ನಡೆಯುವವರು ಅವತ್ತು ಓಡಿದರು. ಅವರ ಹಿಂದೆ ಸಾಹೇಬರು. ಬಾಗಿಲು ಹಾಕಿದರು.

“ಅಣ್ಣಾ, ಸಚ್ ಬೋಲೋ,” ನೆಟ್‌ವರ್ಕಿನವರ ಹಣೆಯಲ್ಲಿ ಬೆವರು. “ಯೇ ಗುರುವಾರ್-ದಸ್ ಕೌನ್ ಹೈ?”

“ಗುರುವಾರ ಹತ್ತಾ? ಇವತ್ತು, ಸ್ವಾಮಿ.”

“ಇವತ್ತು ಗೊತ್ತು. ಅವನು ಯಾರು? ಯಾವ ಕಂಪನಿಯ ಮಷಿನು? ಬೆಳಗಿನಿಂದ ಎಂಟು ಸಲ ನೀವು ಗ್ರಾಹಕರ ನಕ್ಷೆಗಳನ್ನು ಅವನಿಗೆ ಕಳಿಸಲು ನೋಡಿದ್ದೀರಿ. ನನ್ನ ಪರದೆಯಲ್ಲಿ ಎಲ್ಲ ಕಾಣುತ್ತದೆ.”

ಗ್ರಾಹಕರ ನಕ್ಷೆ ಹೊರಗೆ ಹೋಗುವುದೆಂದರೆ ಕರಾರು ಮಾತ್ರ ಅಲ್ಲ, ಪೊಲೀಸು, ಕೋರ್ಟು, ಊರಿನಲ್ಲಿ ಮುಖ ತೋರಿಸಲಾಗದ ಕಥೆ. ಸಾಹೇಬರು ಕುರ್ಚಿ ಎಳೆದು ನನ್ನ ಎದುರು ಕುಳಿತರು. “ಅಣ್ಣಾ, ನೀವಾ? ಊದುಬತ್ತಿ ಹಚ್ಚಿ ಕೆಲಸಕ್ಕೆ ಕೂರುವ ನೀವಾ?” ಎಂದರು.

ಆಮೇಲೆ ಗೊತ್ತಾಯಿತು. ಹಳೆಯ ಟಾರಿಗೆ ಎರಡು ಚುಕ್ಕೆ ಎಂದರೆ ಬರೀ ಎರಡು ಚುಕ್ಕೆ. ಹೊಸ ಟಾರ್, ಚುಕ್ಕೆಗಳಿಗಿಂತ ಮೊದಲು ಇರುವುದೆಲ್ಲ ಬೇರೊಂದು ಮಷಿನಿನ ಹೆಸರು ಎಂದು ತಿಳಿದು, ಆ ಮಷಿನನ್ನು ಹುಡುಕಲು ಹೊರಡುತ್ತದೆ. ಗುರುವಾರ-ಹತ್ತು ಎಂಬವನನ್ನು ಹುಡುಕಿ ಹುಡುಕಿ ಸಿಗದೆ ವಾಪಸು ಬಂದಿತ್ತು.

“ಸರಿ, ಆದರೆ ಫೈಲಿನ ಹೆಸರಿನಲ್ಲಿ ಗಂಟೆ ನಿಮಿಷ ಏಕೆ?” ಎಂದು ನೆಟ್‌ವರ್ಕಿನವರು ಬಿಡಲಿಲ್ಲ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ರಾಹುಕಾಲದ ವಿಷಯ ಪೂರ್ತಿ ಹೇಳಿದೆ. ನೆಟ್‌ವರ್ಕಿನವರು ತಲೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಹೋದರು.

ಸಾಹೇಬರು ಮಾತ್ರ ಹೋಗಲಿಲ್ಲ. ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಒಮ್ಮೆ ನೋಡಿ, ದನಿ ತಗ್ಗಿಸಿ, “ಅಣ್ಣಾ, ನಾಳೆ ರಾಹುಕಾಲ ಎಷ್ಟು ಗಂಟೆಗೆ? ಡೈರೆಕ್ಟರರ ಹತ್ತಿರ ಪ್ರಮೋಷನ್ ಕೇಳಲು ಹೋಗುವುದಿದೆ” ಎಂದರು.

೩. ದಯವಿಟ್ಟು

ಇದು ಚಿಕ್ಕದು. ಕೆಲವು ವರ್ಷಗಳ ನಂತರ ಟಾರ್ ಇನ್ನೊಮ್ಮೆ ಬದಲಾಯಿತು. ಗಂಟಿನಿಂದ ಒಂದೇ ಜಾತಿಯ ಫೈಲುಗಳನ್ನು ಮಾತ್ರ ಹೊರಗೆ ತೆಗೆಯಲು ಒಂದು ನಕ್ಷತ್ರದ ಗುರುತು ಹಾಕುವ ಪದ್ಧತಿ. ಹಾಕಿದೆ. ಅಂಥ ಹೆಸರಿನ ಫೈಲೇ ಇಲ್ಲ ಎಂದಿತು. ಆದರೆ ನಾನು ಬೆಚ್ಚಿದ್ದು ಮುಂದಿನ ಸಾಲು ಓದಿ. ನಕ್ಷತ್ರ ಬಳಸುವುದಾದರೆ, ಪ್ಲೀಸ್, ಅದನ್ನು ಮೊದಲೇ ಬೇರೆಯಾಗಿ ಹೇಳಿ, ಎಂದಿತ್ತು.

ಪ್ಲೀಸ್!

ನಾನು ಕನ್ನಡಕ ಒರೆಸಿ ಮತ್ತೆ ಓದಿದೆ. ನಾನು ಈ ಊರಿಗೆ ಬಂದು ಇಷ್ಟು ವರ್ಷವಾಯಿತು. ಡೊಂಬಿವ್ಲಿಯ ಪ್ಲಾಟ್‌ಫಾರ್ಮಿನಲ್ಲಿ ನನ್ನ ಕಾಲು ತುಳಿದವರುಂಟು, ಲೋಕಲ್ ರೈಲಿನ ಬಾಗಿಲಲ್ಲಿ ನಿಂತದ್ದಕ್ಕೆ ಬೈದವರುಂಟು, ‘ಅಂದರ್ ಚಲೋ’ ಎಂದು ಬೆನ್ನಿಗೆ ಮೊಣಕೈ ಕೊಟ್ಟವರುಂಟು. ಪ್ಲೀಸ್ ಎಂದವರು ಒಬ್ಬರೂ ಇಲ್ಲ. ಇದೊಂದು ಮಷಿನು, ಏಳನೆಯ ತನಕ ಓದಿದ ನನ್ನಂಥವನಿಗೆ ಪ್ಲೀಸ್ ಎನ್ನುತ್ತಿದೆ. ಹೋಗಿ ಸಾಹೇಬರನ್ನು ಕರೆದು ತಂದು ತೋರಿಸಿದೆ.

ಅವರು ಪರದೆಯನ್ನು ಓದಿದರು, ನನ್ನ ಮುಖವನ್ನು ಓದಿದರು. ಎರಡೂ ಕೈ ಜೋಡಿಸಿದರು. “ಅದು ಒಂದು ಸಲ ಹೇಳಿದೆ. ನಾನು ಬೆಳಗಿನಿಂದ ನಾಲ್ಕು ಸಲ ಹೇಳಿದ್ದೇನೆ. ಪ್ಲೀಸ್ ಅಣ್ಣಾ, ಗ್ರಾಹಕರು ಫೋನಿನಲ್ಲಿ ಕಾಯುತ್ತಿದ್ದಾರೆ, ಆ ಫೈಲು ಕೊಡಿ!”

೪. ಧಾರೆಯಿಲ್ಲದ ಮದುವೆ

ಆಫೀಸಿನ ಕಥೆ ಆಫೀಸಿನಲ್ಲೇ ಮುಗಿದರೆ ಚೆಂದ. ಆದರೆ ನಾನು ಕಂಪ್ಯೂಟರಿನವನು ಎಂದು ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತು. ಕಂಪನಿ ತೆಗೆದುಹಾಕಿದ ಒಂದು ಹಳೆಯ ಮಷಿನು ನನ್ನ ಮನೆಯಲ್ಲೇ ಇತ್ತು.

ಪಕ್ಕದ ಮನೆಯವರು ಹೋಟೆಲಿನಲ್ಲಿ ಮ್ಯಾನೇಜರು, ನಮ್ಮ ಉಡುಪಿ ಕಡೆಯವರೇ. ಅವರ ಮಗಳ ಮದುವೆ ಕಲ್ಯಾಣ್ ಪೇಟೆಯ ಒಂದು ಮದುವೆ ಹಾಲ್‌ನಲ್ಲಿ ಆಗಿತ್ತು. ಹುಡುಗನ ಮನೆ ಘಣಸೋಲಿಯಲ್ಲಿ. ಮಂಡಿಯ ಆಪರೇಷನ್ನಿನಿಂದಾಗಿ ಹುಡುಗಿಯ ಅಜ್ಜಿಗೆ ಆ ಮದುವೆಗೆ ಬರಲು ಆಗಿರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಊರಿನಿಂದ ಬಂದರು. ಬಂದವರೇ, “ಮೊಮ್ಮಗಳ ಧಾರೆ ನೋಡದೆ ನಾನು ಒಂದು ತುತ್ತು ಸಿಹಿ ಮುಟ್ಟುವುದಿಲ್ಲ” ಎಂದು ಕುಳಿತರು.

ಅಳಿಯ ಮದುವೆಯ ವಿಡಿಯೋವನ್ನೆಲ್ಲ ಜಿಪ್ ಮಾಡಿ ಒಂದು ಹಾರ್ಡ್ ಡಿಸ್ಕಿನಲ್ಲಿ ಕಳಿಸಿದ್ದ. ಜಿಪ್ ಎಂದರೆ ಟಾರಿನ ಹಾಗೆಯೇ ಇನ್ನೊಂದು ಬಗೆಯ ಗಂಟು. ಪಕ್ಕದ ಮನೆಯವರು ಅದನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದರು. ನಮ್ಮ ಹಾಲಿನಲ್ಲಿ ಚಾಪೆ ಹಾಸಿದೆವು. ಅಜ್ಜಿ ಮುಂದೆ, ಉಳಿದವರು ಹಿಂದೆ.

ಬಿಚ್ಚುವ ಸಾಲು ಟೈಪು ಮಾಡಿದೆ. ಗಡಗಡ ಎಂದು ಹೆಸರುಗಳು ಓಡಿದವು. ನಡುವೆ ಒಂದು ಸಾಲು ಬಂದದ್ದನ್ನು ನಾನು ನೋಡಿಯೂ ನೋಡದವನಂತೆ ಬಿಟ್ಟೆ. “ಈ ಗಂಟಿಗೆ ನಾಲ್ಕೂವರೆಯ ವರ್ಷನ್ ಬೇಕು, ನನಗೆ ಬರುವುದು ಎರಡು ಚಿಲ್ಲರೆ, ಆದ್ದರಿಂದ ದಾಟಿ ಹೋಗುತ್ತೇನೆ” ಎಂಬ ಅರ್ಥದ ಮಾತು. ಎಷ್ಟೋ ಫೈಲು ಬಂದಿದೆಯಲ್ಲ, ಒಂದು ಹೋದರೆ ಹೋಗಲಿ ಎಂದು ವಿಡಿಯೋ ಶುರು ಮಾಡಿದೆ.

ದಿಬ್ಬಣ ಬಂತು. ಓಲಗ, ಆರತಿ, ಕಾಲು ತೊಳೆಯುವುದು, ಎಲ್ಲ ಚೆನ್ನಾಗಿ ಬಂತು. ಅಜ್ಜಿ ಒಬ್ಬೊಬ್ಬರನ್ನೇ ಗುರುತಿಸುತ್ತಾ, “ಇವಳು ಎಷ್ಟು ತೋರವಾಗಿದ್ದಾಳೆ ಮಾರಾಯ್ರೆ” ಎನ್ನುತ್ತಿದ್ದರು. ಪುರೋಹಿತರು ಮಂಟಪಕ್ಕೆ ಬಂದು ಕುಳಿತರು. ಅಜ್ಜಿ ಸೆರಗು ಸರಿ ಮಾಡಿಕೊಂಡು ಕೈ ಜೋಡಿಸಿದರು.

ಅಷ್ಟರಲ್ಲಿ ಬಾಳೆಲೆ. ಎಲೆಯ ಮೇಲೆ ಹೋಳಿಗೆ. ಮದುಮಗ ಮದುಮಗಳ ಬಾಯಿಗೆ ಹೋಳಿಗೆ ಇಡುತ್ತಿದ್ದಾನೆ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದಾರೆ.

ಅಜ್ಜಿಯ ಜೋಡಿಸಿದ ಕೈ ಹಾಗೇ ನಿಂತಿತು. “ಇದೆಂಥದು ಮಗಾ? ಧಾರೆ ಎಲ್ಲಿ?”

ಎಲ್ಲಕ್ಕಿಂತ ದೊಡ್ಡ ಫೈಲು ಧಾರೆಯದು. ನಾಲ್ಕು ಜಿಬಿ ದಾಟಿದ ಫೈಲನ್ನು ನನ್ನ ಹಳೆಯ ಅನ್‌ಜಿಪ್ ಮುಟ್ಟುವುದಿಲ್ಲ. ಅಳಿಯನ ಹೊಸ ಜಿಪ್ ಎಷ್ಟು ದೊಡ್ಡದನ್ನಾದರೂ ಕಟ್ಟುತ್ತದೆ. ಇದನ್ನು ನಾನು ಅಜ್ಜಿಗೆ ಹೇಗೆ ಹೇಳಲಿ? “ಅದು, ಮಷಿನು ಧಾರೆಯನ್ನು ದಾಟಿ ಹೋಗಿದೆ ಅಮ್ಮಾ” ಎಂದೆ.

“ದಾಟಿ ಹೋಗುವುದೆಂದರೆ? ಧಾರೆ ದಾಟಿ ಊಟಕ್ಕೆ ಹೋಗುವುದುಂಟಾ? ಪುರೋಹಿತರು ಏನು ಮಾಡುತ್ತಿದ್ದರು?”

ಪರದೆಯಲ್ಲಿ ಊಟ ಮುಗಿದು, ಹೆಣ್ಣನ್ನು ಒಪ್ಪಿಸಿ ಕೊಡುವುದು ಶುರುವಾಗಿತ್ತು. ಹುಡುಗಿ ಅಮ್ಮನನ್ನು ತಬ್ಬಿ ಅಳುತ್ತಿದ್ದಳು. ಕಾರಿನ ಬಾಗಿಲು ತೆರೆದಿತ್ತು. ಅಜ್ಜಿ ಚಾಪೆಯಿಂದ ಧಡಕ್ಕನೆ ಎದ್ದರು. ಆಪರೇಷನ್ ಆದ ಮಂಡಿ ಎಂಬುದು ಅವರಿಗೂ ಮರೆತಿತ್ತು, ನಮಗೂ ಮರೆತಿತ್ತು. ಹುಡುಗಿಯ ಅಪ್ಪನಾದ ತನ್ನ ಮಗನ ಕಡೆಗೆ ತಿರುಗಿ ಗುಡುಗಿದರು:

“ಧಾರೆಯೇ ಆಗಲಿಲ್ಲವಂತಲ್ಲೋ! ಹಾಗಾದರೆ ಆ ಹುಡುಗಿ ನಾಲ್ಕು ತಿಂಗಳಿನಿಂದ ಘಣಸೋಲಿಯಲ್ಲಿ ಯಾರ ಮನೆಯಲ್ಲಿದ್ದಾಳೆ?”

೫. ಪಟ್ಟಿಯಲ್ಲಿ ಇಲ್ಲದ ವಸ್ತು

ಇನ್ನು ಇದು. ಇದನ್ನು ನೆನೆದರೆ ನನಗೆ ಈಗಲೂ ಮೈ ಬೆವರುತ್ತದೆ.

ನನ್ನ ಮಗಳು ಡೊಂಬಿವ್ಲಿಯಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಮದುವೆಯಾಗಿ ಪುಣೆಗೆ ಹೋದ ಮೇಲೆ ಅಮ್ಮನ ಅಡುಗೆ ಬೇಕು ಎಂದು ಹಟ ಹಿಡಿದಳು. ಹೆಂಡತಿ ಹೇಳಿದ್ದನ್ನು ನಾನು ಚೀಟಿಯಲ್ಲಿ ಗುರುತು ಮಾಡಿಕೊಂಡು ಹೋಗಿ, ಊಟದ ಬಿಡುವಿನಲ್ಲಿ ಆಫೀಸಿನ ಮಷಿನಿನಲ್ಲೇ ಇಂಗ್ಲಿಷಿನಲ್ಲಿ ಟೈಪು ಮಾಡಿ ಅವಳಿಗೆ ಕಳಿಸುತ್ತಿದ್ದೆ. ನಕ್ಷೆಗಳ ಫೋಲ್ಡರಿನ ಒಳಗೇ ‘ಮನೆ’ ಎಂದು ಸಣ್ಣ ಫೋಲ್ಡರು ಮಾಡಿ ಅದರಲ್ಲಿ ಇಟ್ಟಿದ್ದೆ. ಗಂಟು ಕಟ್ಟುವ ಸಾಲಿನ ಕೊನೆಯಲ್ಲಿ ‘ಮನೆ ಎಂಬುದನ್ನು ಬಿಡು’ ಎಂದು ತಪ್ಪದೆ ಬರೆಯುತ್ತಿದ್ದೆ. ಟಾರ್ ಅದನ್ನು ಬಿಡುತ್ತಿತ್ತು.

ಎರಡು ಸಾವಿರದ ಹದಿನೇಳರ ಆಚೀಚೆ ಟಾರ್ ಮತ್ತೆ ಬದಲಾಯಿತು. ಬಿಡಬೇಕಾದದ್ದನ್ನು ಮೊದಲೇ ಹೇಳಬೇಕು. ಸಾಲಿನ ಕೊನೆಯಲ್ಲಿ ಹೇಳಿದರೆ ಕಟ್ಟಿ ಮುಗಿದ ಮೇಲೆ ಹೇಳಿದ ಹಾಗೆ. ಈ ಸಲ ಅದು ಪ್ಲೀಸ್ ಎಂದೂ ಹೇಳಲಿಲ್ಲ. ಮೌನವಾಗಿ ಎಲ್ಲವನ್ನೂ ಕಟ್ಟಿತು. ನಾನು ಮೌನವಾಗಿ ಅದರ ಪ್ರತಿಯನ್ನು ಎಂದಿನಂತೆ ಗ್ರಾಹಕರಿಗೆ ಕಳಿಸಿದೆ, ತಿಂಗಳು ತಿಂಗಳೂ.

ಕರಾರು ಮುಗಿಯುವ ವರ್ಷವೂ ಅದೇ. ಗ್ರಾಹಕರಿಗೆ ಬೇರೆ ಯಾರೋ ಸಿಕ್ಕಿದ್ದಾರೆ, ನಮ್ಮನ್ನು ಬಿಡಲು ಒಂದು ನೆಪ ಹುಡುಕುತ್ತಿದ್ದಾರೆ ಎಂದು ಸುದ್ದಿ. ಶ್ರಾವಣ ಮಾಸದ ಒಂದು ಬೆಳಿಗ್ಗೆ ಅವರ ತಪಾಸಣೆಯ ಅಧಿಕಾರಿ ಮಹಾಪೆಗೆ ಬಂದರು. ಎತ್ತರದ ಹೊರದೇಶದ ಹೆಂಗಸು, ನಗು ಎಂಬುದೇ ಇಲ್ಲ. ಕುಳಿತವರೇ ಒಂದು ಹಾಳೆ ತೆಗೆದು ಓದಿದರು:

“ನಿಮ್ಮ ಗಂಟಿನಲ್ಲಿ, ನಮ್ಮ ಪಟ್ಟಿಯಲ್ಲಿ ಇಲ್ಲದ ವಸ್ತುಗಳು ಇವೆ. ಮೊದಲನೆಯದು, ಕಡುಬು.”

ಅವರು ಓದುತ್ತಾ ಹೋದರು. “ಹಂತ ಒಂದು: ಅರಶಿನದ ಎಲೆಯನ್ನು ಎರಡೂ ಬದಿ ಪರೀಕ್ಷಿಸಿ, ತೂತಿದ್ದರೆ ತಿರಸ್ಕರಿಸಿ. ಹಂತ ಎರಡು: ಅಕ್ಕಿಹಿಟ್ಟನ್ನು ಒಂದೇ ದಪ್ಪದಲ್ಲಿ ಹಚ್ಚಿ. ಹಂತ ಮೂರು: ಕಾಯಿಬೆಲ್ಲ ತುಂಬಿ ಮಡಚಿ, ಅಂಚಿನಲ್ಲಿ ಸೋರಿಕೆ ಇರಕೂಡದು. ಹಂತ ನಾಲ್ಕು: ಹಬೆಯಲ್ಲಿ ಅರ್ಧ ಗಂಟೆ, ನಡುವೆ ಮುಚ್ಚಳ ತೆರೆಯಕೂಡದು.”

ಜೀವಮಾನವಿಡೀ ನಕ್ಷೆಗಳ ಜೊತೆಗೆ ಹೋಗುವ ವಾಲ್ವಿನ ಪರೀಕ್ಷೆಯ ವಿಧಾನಗಳನ್ನೇ ಟೈಪು ಮಾಡಿದವನು ನಾನು. ಮಗಳಿಗೆ ಬರೆಯುವಾಗಲೂ ಕೈ ಅದೇ ದಾರಿಯಲ್ಲಿ ಹೋಗಿತ್ತು.

ಸಾಹೇಬರು ಕಷ್ಟದಿಂದ ಬಾಯಿ ತೆರೆದರು. “ಮೇಡಂ, ಇದು ತಿನ್ನುವ ತಿಂಡಿ.”

“ಗೊತ್ತಾಗುತ್ತದೆ. ನನಗೆ ತೆಂಗಿನಕಾಯಿ ಗೊತ್ತು. ಆದರೆ ನಿಮ್ಮ ಕರಾರಿಗೆ ಗೊತ್ತಿಲ್ಲ. ಗಂಟಿನಲ್ಲಿ ಇದ್ದದ್ದನ್ನು ಕೇಳಿದ ದಿನ ಸಂಜೆಯೊಳಗೆ ಮೇಜಿನ ಮೇಲೆ ತರಬೇಕು. ತಿನ್ನುವ ವಸ್ತು, ತಿನ್ನದ ವಸ್ತು ಎಂಬ ಭೇದ ಅದರಲ್ಲಿಲ್ಲ.” ಗಡಿಯಾರ ನೋಡಿದರು. “ಐದು ಗಂಟೆ.”

ನೆಪ ಸಿಕ್ಕಿತು, ಮುಗಿಯಿತು ನಮ್ಮ ಕಥೆ ಎಂದು ಸಾಹೇಬರ ಕಣ್ಣು ಹೇಳುತ್ತಿತ್ತು. ನಾನು ಹೊರಗೆ ಹೋಗಿ ಮನೆಗೆ ಫೋನು ಮಾಡಿದೆ.

“ಅರಶಿನ ಎಲೆಯ ಕಡುಬು ಬೇಕಿತ್ತು. ಆಫೀಸಿಗೆ. ಐದು ಗಂಟೆಯೊಳಗೆ.”

“ಆಫೀಸಿನಲ್ಲಿ ಎಂಥ ಹಬ್ಬ?”

“ಹಬ್ಬ ಅಲ್ಲ, ತಪಾಸಣೆ. ಮಾಡದಿದ್ದರೆ ನನ್ನ ಕೆಲಸ ಹೋಗುತ್ತದೆ.”

“ಎಷ್ಟು?”

“ಬರೆದಿರುವುದು ಒಂದು ಡಜನ್. ಬರೆದ ಹಾಗೇ ಇರಬೇಕು.”

“ಬರೆದದ್ದು ನೀವಲ್ಲವಾ? ನಾನು ಮಾಡುವ ಹಾಗೇ ಇರುತ್ತದೆ. ಬೇಕಾದರೆ ಬರೆದದ್ದನ್ನು ತಿದ್ದಿಕೊಳ್ಳಿ” ಎಂದು ಫೋನು ಇಟ್ಟಳು.

ಶ್ರಾವಣವಾದ್ದರಿಂದ ಸ್ಟೇಷನ್ನಿನ ಹತ್ತಿರದ ಮಾರ್ಕೆಟಿನಲ್ಲಿ ಅರಶಿನದ ಎಲೆ ಸಿಕ್ಕಿತಂತೆ. ನಾಲ್ಕೂ ಮುಕ್ಕಾಲಿಗೆ ಅವಳು ಡೊಂಬಿವ್ಲಿಯಿಂದ ಬಸ್ಸಿನಲ್ಲಿ, ಮಡಿಲಲ್ಲಿ ಬಿಸಿ ಡಬ್ಬಿ ಇಟ್ಟುಕೊಂಡು ಬಂದಿಳಿದಳು. ಮುಚ್ಚಳ ತೆಗೆದದ್ದೇ ತಡ, ಅರಶಿನದ ಎಲೆಯ ಪರಿಮಳ ಕೋಣೆಯೆಲ್ಲ ತುಂಬಿತು. ನೆಟ್‌ವರ್ಕಿನವರು ಯಾವ ಕೆಲಸವೂ ಇಲ್ಲದೆ ಒಳಗೆ ಬಂದು ನಿಂತರು.

ಅಧಿಕಾರಿ ಮೂಸಿಯೂ ನೋಡಲಿಲ್ಲ. ಎಣಿಸಿದರು. “ಹನ್ನೊಂದು. ದಾಖಲೆಯಲ್ಲಿ ಹನ್ನೆರಡು.”

ಹೆಂಡತಿಯನ್ನು ಕೇಳಿದೆ. “ಮೊದಲನೆಯದನ್ನು ದೇವರಿಗೆ ಇಡದೆ ತರಲಿಕ್ಕುಂಟಾ?” ಎಂದಳು.

ನಾನು ಇಂಗ್ಲಿಷಿನಲ್ಲಿ, “ಒಂದನ್ನು ಮೇಲಿನವರ ಒಪ್ಪಿಗೆಗೆ ಸಲ್ಲಿಸಲಾಗಿದೆ” ಎಂದೆ.

“ಅವರು ಒಪ್ಪಿದರೇ?”

“ಇದುವರೆಗೆ ತಿರಸ್ಕರಿಸಿದ್ದಿಲ್ಲ, ಮೇಡಂ.”

ಅದನ್ನು ಬರೆದುಕೊಂಡರು. ಚೀಲದಿಂದ ವಾಲ್ವಿನ ದಪ್ಪ ಅಳೆಯುವ ಸಾಧನ ತೆಗೆದು, ಒಂದು ಕಡುಬಿನ ಎಲೆ ಬಿಡಿಸಿ, ಹಿಟ್ಟಿನ ದಪ್ಪವನ್ನು ಮೂರು ಕಡೆ ಅಳೆದರು. ಅಂಚುಗಳನ್ನು ನೋಡಿದರು, ಬೆಲ್ಲ ಒಂದು ಹನಿ ಸೋರಿರಲಿಲ್ಲ. ನಮ್ಮ ನಕ್ಷೆಗಳನ್ನೂ ಯಾರೂ ಹೀಗೆ ನೋಡಿದ್ದಿಲ್ಲ. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟರು.

“ಇಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಎಂದಿದೆ. ಇದು ಅಳತೆಯಲ್ಲ. ಯಾರ ರುಚಿ?”

ಹೆಂಡತಿಗೆ ಹೇಳಿದೆ. “ಅತ್ತೆಯವರ ರುಚಿ. ಇನ್ನು ಯಾರದು?” ಎಂದಳು.

“ಅವರನ್ನು ಕರೆಸಬಹುದೇ?”

“ತೀರಿಕೊಂಡು ಹತ್ತು ವರ್ಷವಾಯಿತು, ಮೇಡಂ.”

ಅಧಿಕಾರಿ ಪೆನ್ನು ಕೆಳಗಿಟ್ಟರು. ತಲೆ ಬಗ್ಗಿಸಿ, ಸಣ್ಣ ಚೂರು ಮುರಿದು ಬಾಯಿಗೆ ಹಾಕಿದರು. ನಾನು ಮನಸ್ಸಿನಲ್ಲೇ ಇದ್ದಬದ್ದ ದೇವರನ್ನೆಲ್ಲ ನೆನೆದೆ. ಆಯಮ್ಮ ಇನ್ನೊಂದು ಚೂರು ಮುರಿದರು. ಪೂರ್ತಿ ಒಂದು ಮುಗಿಸಿದರು. ಎರಡನೆಯದರ ಎಲೆ ಬಿಡಿಸಿದರು. ಈ ಸಲ ಅಳೆಯಲಿಲ್ಲ.

ಮೂರನೆಯದು ಮುಗಿದ ಮೇಲೆ ಕೈ ಒರೆಸಿ, ‘ತೇರ್ಗಡೆ’ ಎಂದು ಬರೆದರು. ಸಾಹೇಬರು ಕುರ್ಚಿಗೆ ಒರಗಿದರು.

“ಎರಡನೆಯ ವಸ್ತು,” ಅಧಿಕಾರಿ ಹಾಳೆ ತಿರುವಿದರು, “ಹಲಸಿನ ಹಣ್ಣಿನ ಕಡುಬು.”

ಸಾಹೇಬರು ಮತ್ತೆ ನೆಟ್ಟಗೆ ಕುಳಿತರು. ನಾನು ಹೆಂಡತಿಯ ಕಡೆ ನೋಡಿದೆ.

“ಹಲಸು ಮುಗಿದು ಎರಡು ತಿಂಗಳಾಯಿತು,” ಎಂದಳು ಅವಳು, ಡಬ್ಬಿ ಮುಚ್ಚುತ್ತಾ. “ಈಗ ಕೇಳಿದರೆ ನಾನು ಎಲ್ಲಿಂದ ತರಲಿ? ಬೇಕಿದ್ದರೆ ಮುಂದಿನ ಮೇ ತಿಂಗಳಿನಲ್ಲಿ ಬರಲಿ, ಮಾಡಿ ಹಾಕುವ.”

ಇದನ್ನು ಇಂಗ್ಲಿಷಿಗೆ ತರುವಾಗ ನನ್ನ ನಾಲಿಗೆ ಮೂರು ಕಡೆ ತೊಡರಿತು. ಅಧಿಕಾರಿ ಡೈರಿ ತೆಗೆದು ಮೇ ತಿಂಗಳ ಪುಟ ಹುಡುಕಿದರು. ಯೋಚಿಸಿದರು. “ಹಣ್ಣು ಬಿಡುವ ಮೊದಲು ಹಣ್ಣು ಕೇಳಲಾಗದು. ಆದರೆ ಒಂದು ವಸ್ತು ಬಾಕಿ ಇರುವಾಗ ಕರಾರನ್ನು ಮುಗಿಸಲೂ ನಿಯಮದಲ್ಲಿ ಅವಕಾಶವಿಲ್ಲ. ಒಂದು ವರ್ಷ ಮುಂದುವರಿಸಬೇಕಾಗುತ್ತದೆ” ಎಂದು ಸಹಿ ಹಾಕಿದರು. ಹೋಗುವಾಗ ಉಳಿದ ಕಡುಬುಗಳನ್ನು ಮಾದರಿ ಎಂದು ಬರೆದು ಚೀಲಕ್ಕೆ ಹಾಕಿಕೊಂಡರು.

ಕಾರು ಗೇಟು ದಾಟಿತು. ಸಾಹೇಬರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿದ್ದೆ.

“ಅಣ್ಣಾ, ಆ ‘ಮನೆ’ ಫೋಲ್ಡರಿನಲ್ಲಿ ಒಟ್ಟು ಎಷ್ಟು ಅಡುಗೆ ಇದೆ?”

“ಹದಿನಾರು, ಸಾಹೇಬರೇ. ಇವತ್ತೇ ಎಲ್ಲವನ್ನೂ ಅಳಿಸಿಬಿಡುತ್ತೇನೆ. ಇನ್ನು ಮುಂದೆ ‘ಬಿಡು’ ಎಂಬುದನ್ನು ಸಾಲಿನ ಮೊದಲಿಗೇ ಬರೆಯುತ್ತೇನೆ.”

“ಹುಚ್ಚು ಹಿಡಿದಿದೆಯಾ!” ಅವರು ನನ್ನ ತೋಳು ಹಿಡಿದರು. “ಒಂದಕ್ಷರ ಅಳಿಸಬೇಡಿ. ನನಗೆ ರಿಟೈರ್ ಆಗಲು ಇನ್ನೂ ಒಂಬತ್ತು ವರ್ಷ ಇದೆ. ಮನೆಯಲ್ಲಿ ವಹಿನಿಗೆ ಹೇಳಿ, ತಪಾಸಣೆಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಮಾಡಕೂಡದು.”